ನೀವು ಕೇಳಿದ್ರಿ: ವಾಯ್ನಿಚ್ ಪುಸ್ತಕದ ಅಕ್ಷರ ಎಣಿಸಿದ್ರೆ ಏನು ಸಿಗುತ್ತೆ?

ಹೋದ ತಿಂಗಳು ಇದೇ ಪುಟದ ಮೂಲೆಯಲ್ಲಿ ವಾಯ್ನಿಚ್ ಹಸ್ತಪ್ರತಿ ಅನ್ನೋ ಯಾರೂ ಓದೋಕಾಗದ ಪುಸ್ತಕದ ಬಗ್ಗೆ ನಾಲ್ಕು ಸಾಲು ಹಾಕಿದ್ದೆ ಅಷ್ಟೇ, ಪ್ರಶ್ನೆಗಳು ಬಂದು ಬಿದ್ದಿದ್ದೇ ಬಿದ್ದಿದ್ದು. ಮಾಮೂಲಿ ಪ್ರಶ್ನೆಗಳಿಗೆಲ್ಲಾ ಈ ಸಲ ರಜೆ, ಪೂರ್ತಿ ಪುಟ ಇದಕ್ಕೇ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿದ್ದೀನಿ, ನಿಮ್ಮ ಪ್ರಶ್ನೆ ಕಾಣಲಿಲ್ಲ ಅಂತ ಬೇಜಾರಾಗ್ಬೇಡಿ.

ಪ್ರಶ್ನೆ: ಸರ್, ಯಾರೂ ಓದೋಕಾಗಿಲ್ಲ ಅಂದ್ರಿ, ಆದ್ರೆ ಅದು ಎಲ್ಲಿದೆ, ಎಷ್ಟು ಹಳೇದು, ಒಳಗೆ ಏನಿದೆ ಅಂತ ಏನೂ ಹೇಳ್ಲಿಲ್ಲ. ಯಾರು ಬರೆದದ್ದು? (ಗೃಹಿಣಿ, ತುಮಕೂರು)

ಯಾರು ಬರೆದದ್ದು ಅಂತ ಗೊತ್ತಾಗಿದ್ರೆ ಅರ್ಧ ಕೆಲಸ ಮುಗೀತಿತ್ತು ಮೇಡಂ. ಪುಸ್ತಕ ಈಗ ಅಮೆರಿಕದ ಯೇಲ್ ಯೂನಿವರ್ಸಿಟಿಯ ಬೈನಿಕೆ ಲೈಬ್ರರಿಯಲ್ಲಿದೆ, ಅಲ್ಲಿನ ನಂಬರು ಎಂಎಸ್ 408. ಸುಮಾರು 240 ಪುಟ, ಕೈಯಲ್ಲಿ ಹಿಡಿಯೋ ಸೈಜು, ಉದ್ದ 23 ಸೆಂಟಿಮೀಟರ್ ಚಿಲ್ಲರೆ. ಬರೆದಿರೋದು ಕರುವಿನ ಚರ್ಮ ಹದ ಮಾಡಿದ ಹಾಳೆ ಮೇಲೆ. 2009ರಲ್ಲಿ ಅರಿಜೋನಾ ಯೂನಿವರ್ಸಿಟಿಯವರು ಕಾರ್ಬನ್ ಡೇಟಿಂಗ್ ಮಾಡಿ ಚರ್ಮ 1404ರಿಂದ 1438ರ ಒಳಗಿನದು ಅಂದ್ರು. ಚಿತ್ರ ತುಂಬಾ ಇವೆ, ಯಾವ ಊರಲ್ಲೂ ಬೆಳೆಯದ ಗಿಡಗಳು, ರಾಶಿಚಕ್ರ, ಹಸಿರು ನೀರಿನ ತೊಟ್ಟಿಗಳಲ್ಲಿ ಸ್ನಾನ ಮಾಡೋ ಹೆಂಗಸರು, ಔಷಧಿ ಭರಣಿಗಳು, ಕೊನೆಗೆ ಪಕ್ಕದಲ್ಲಿ ನಕ್ಷತ್ರ ಹಾಕಿರೋ ಚಿಕ್ಕ ಚಿಕ್ಕ ಪ್ಯಾರಾಗಳು.

ಪ್ರಾಗ್ ನಗರದಲ್ಲಿ ಗಿಯಾರ್ಗ್ ಬಾರೆಷ್ ಅನ್ನೋ ರಸವಿದ್ಯೆಯವನ ಹತ್ರ ಇದು ಇತ್ತು, ಅವನು 1639ರಲ್ಲೇ ರೋಮಿನ ಜೆಸ್ಯೂಟ್ (ಕ್ರೈಸ್ತ ಪಾದ್ರಿಗಳ ಒಂದು ಸಂಘ) ಪಂಡಿತ ಕಿರ್ಷರ್‌ಗೆ ಇದನ್ನ ಓದಿಕೊಡಿ ಅಂತ ಕಾಗದ ಬರೆದಿದ್ದಾನೆ, ಅಂದ್ರೆ ಪುಸ್ತಕ ಹುಟ್ಟಿ ಇನ್ನೂರು ವರ್ಷಕ್ಕೇ ಓನರ್‌ಗೂ ಓದೋಕೆ ಬರ್ತಿರ್ಲಿಲ್ಲ. ಆಮೇಲೆ ಅವನ ಗೆಳೆಯ ಮಾರ್ಸಿ ಅನ್ನೋ ಡಾಕ್ಟರು ಪುಸ್ತಕವನ್ನೇ ಕಿರ್ಷರ್‌ಗೆ ಕಳಿಸಿದ, ಜೊತೆಗಿನ ಕಾಗದದಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್ ಇದಕ್ಕೆ 600 ಡಕಟ್ ಚಿನ್ನದ ನಾಣ್ಯ ಕೊಟ್ಟಿದ್ನಂತೆ ಅಂತ ಬರೆದಿದ್ದಾನೆ. 1912ರಲ್ಲಿ ಇಟಲಿಯ ಜೆಸ್ಯೂಟರಿಂದ ಕೊಂಡ್ಕೊಂಡ ಹಳೇ ಪುಸ್ತಕದ ವ್ಯಾಪಾರಿ ವಿಲ್ಫ್ರಿಡ್ ವಾಯ್ನಿಚ್, ಆ ಹೆಸರೇ ನಿಂತುಹೋಯ್ತು. ಆಮೇಲೆ ಕೊಂಡ ನ್ಯೂಯಾರ್ಕಿನ ವ್ಯಾಪಾರಿ ಹಾನ್ಸ್ ಕ್ರೌಸ್‌ಗೆ ಗಿರಾಕಿ ಸಿಗದೆ 1969ರಲ್ಲಿ ಯೇಲ್‌ಗೆ ದಾನ ಕೊಟ್ಟುಬಿಟ್ಟ.

ಪ್ರಶ್ನೆ: ಅಕ್ಷರವೇ ಗೊತ್ತಿಲ್ಲ ಅಂದ್ಮೇಲೆ ಎಣಿಸಿ ಏನು ಪ್ರಯೋಜನ? ಕಂಪ್ಯೂಟರಲ್ಲಿ ಪ್ಯಾಟರ್ನ್ ನೋಡ್ತಾರೆ ಅಂತ ಓದಿದ್ದೆ, ಆದ್ರೆ ಅದು ಹೇಗೆ ಅಂತ ಎಲ್ಲೂ ಬಿಡಿಸಿ ಬರೆದಿಲ್ಲ. (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಈ ಸಲದ ಬೆಸ್ಟ್ ಪ್ರಶ್ನೆ ಇದೇ, ಸ್ವಲ್ಪ ಉದ್ದ ಹೇಳ್ತೀನಿ.

ಮೊದಲು ಕನ್ನಡವನ್ನೇ ತಗೊಳ್ಳಿ. ಕನ್ನಡ ಒಂಚೂರೂ ಬಾರದವರ ಕೈಗೆ ಒಂದು ದಿನಪತ್ರಿಕೆ ಕೊಟ್ಟು ಬರೀ ಆಕಾರಗಳನ್ನ ಎಣಿಸು ಅಂತ ಕೂರಿಸಿದ್ರೂ ಒಂದು ವಾರದಲ್ಲಿ ಅವರಿಗೆ ಕೆಲವು ವಿಷಯ ಹೊಳೆಯುತ್ತೆ. ಅ, ಇ, ಎ ಅನ್ನೋ ಆಕಾರಗಳು ಹೆಚ್ಚುಕಮ್ಮಿ ಪದದ ಶುರುವಲ್ಲೇ ಬರ್ತವೆ, ಮಧ್ಯದಲ್ಲಿ ಕಾಣೋದೇ ಇಲ್ಲ. ಳ, ಣ ಎರಡೂ ಪದದ ಶುರುವಲ್ಲಿ ಬರಲ್ಲ. ಸೊನ್ನೆ ಯಾವತ್ತೂ ಪದದ ತಲೆಯಲ್ಲಿ ಕೂರಲ್ಲ. ಅವರಿಗೆ ಒಂದು ಪದವೂ ಅರ್ಥ ಆಗಿಲ್ಲ, ಆದ್ರೂ ಕನ್ನಡ ಬರವಣಿಗೆ ಹೇಗೆ ಕಟ್ಟಿದೆ ಅಂತ ಒಂದು ಅಂದಾಜು ಸಿಕ್ತು. ಇದೇ ಕೆಲಸವನ್ನ ಗುಟ್ಟಿನ ಬರಹ ಒಡೆಯೋಕೆ ಬಳಸ್ಬೋದು ಅಂತ ಮೊದಲು ಬರೆದಿಟ್ಟವನು 9ನೇ ಶತಮಾನದ ಬಾಗ್ದಾದಿನ ಅಲ್ ಕಿಂದಿ. ಭಾಷೆಯಲ್ಲಿ ಯಾವ ಅಕ್ಷರ ಜಾಸ್ತಿ ಬರುತ್ತೆ ನೋಡು, ಗುಟ್ಟಿನ ಬರಹದಲ್ಲಿ ಯಾವ ಗುರುತು ಜಾಸ್ತಿ ಬರುತ್ತೆ ನೋಡು, ಎರಡನ್ನೂ ಜೋಡಿಸು ಅಂತ.

ಈಗ ವಾಯ್ನಿಚ್‌ಗೆ ಬನ್ನಿ. ಅಲ್ಲಿ ಸುಮಾರು 38,000 ಪದ ಇದೆ, ಮತ್ತೆ ಮತ್ತೆ ಬರೋ ಗುರುತುಗಳು ಇಪ್ಪತ್ತರಿಂದ ಮೂವತ್ತರೊಳಗೆ. ಎಣಿಸೋಕೆ ಅನುಕೂಲ ಆಗ್ಲಿ ಅಂತ ಒಂದೊಂದು ಗುರುತಿಗೆ ಒಂದೊಂದು ರೋಮನ್ ಅಕ್ಷರ ಕೊಟ್ಟುಕೊಂಡಿದ್ದಾರೆ, ಇವಿಎ ಅಂತ ಆ ಪದ್ಧತಿ ಹೆಸರು. ಇದು ಉಚ್ಚಾರ ಅಲ್ಲ, ಬರೀ ಟೈಪ್ ಮಾಡೋಕೆ ಮಾಡ್ಕೊಂಡ ಹೊಂದಾಣಿಕೆ, ದಯವಿಟ್ಟು ಇದನ್ನ ಮರೀಬೇಡಿ ಯಾಕಂದ್ರೆ ಯೂಟ್ಯೂಬಲ್ಲಿ ಅರ್ಧ ಜನ ಅಲ್ಲೇ ಜಾರಿ ಬೀಳ್ತಾರೆ.

ಎಣಿಸಿದ್ರೆ ಸಿಗೋದು ಇದು. ಕ್ಯೂ ಅಂತ ಕರೆಯೋ ಗುರುತು ಪದದ ಶುರುವಲ್ಲೇ ಬರುತ್ತೆ, ಬಂದ ಮೇಲೆ ನೂರಕ್ಕೆ 95ಕ್ಕೂ ಹೆಚ್ಚು ಸಲ ಪಕ್ಕದಲ್ಲಿ ಓ ಬಂದೇ ಬರುತ್ತೆ. ಎನ್ ಅಂತ ಕರೆಯೋದು ಪದದ ಕೊನೆಗೇ ಬರುತ್ತೆ, ಅದ್ರ ಹಿಂದೆ ಚಿಕ್ಕ ಗೀಟುಗಳ ಸಾಲು ಇರ್ಲೇಬೇಕು. ಎಂ ಅನ್ನೋದಂತೂ ಬಹುಪಾಲು ಸಾಲಿನ ಕೊನೆಯಲ್ಲೇ ಕಾಣಿಸ್ಕೊಳ್ಳೋದು. ಗಲ್ಲುಕಂಬ ಅಂತ ಕರೆಯೋ ಎತ್ತರದ ನಾಲ್ಕು ಗುರುತುಗಳಲ್ಲಿ ಎರಡು, ಪಿ ಮತ್ತು ಎಫ್, ಬಹುತೇಕ ಪ್ಯಾರಾದ ಮೊದಲ ಸಾಲಲ್ಲೇ ಇರ್ತವೆ. ಒಟ್ಟಿನಲ್ಲಿ ಪದ ಅಂದ್ರೆ ಬಾಳೆಲೆ ಊಟ ಇದ್ದ ಹಾಗೆ, ಉಪ್ಪು ಎಲ್ಲಿ, ಪಲ್ಯ ಎಲ್ಲಿ, ಅನ್ನ ಎಲ್ಲಿ ಅಂತ ಜಾಗ ಫಿಕ್ಸು, ಯಾರು ಬಡಿಸಿದ್ರೂ ಅದೇ ಕ್ರಮ. ಪದದೊಳಗೆ ಇಂಥ ಕಟ್ಟು ಇದೆ ಅಂತ ಗುರುತಿಸಿದವರಲ್ಲಿ ಬ್ರಿಟಿಷ್ ಸೈಫರ್ (ಅಂದ್ರೆ ಗುಟ್ಟಿನ ಬರಹ) ತಜ್ಞ ಜಾನ್ ಟಿಲ್ಟ್‌ಮನ್ ಒಬ್ಬರು.

ಇನ್ನೊಂದು, ಪದಗಳು ಒಂದಕ್ಕೊಂದು ಅಣ್ಣತಮ್ಮಂದಿರ ತರ ಇರ್ತವೆ. ತುಂಬಾ ಜಾಸ್ತಿ ಬರೋದು ಡೈಯಿನ್ ಅಂತ ಟೈಪ್ ಮಾಡೋ ಪದ, ಎಂಟುನೂರಕ್ಕೂ ಮೇಲೆ ಇದೆ. ಅದ್ರ ಪಕ್ಕದಲ್ಲಿ ಐಯಿನ್, ಡೈನ್ ಅಂತ ಒಂದೊಂದು ಗೀಟು ಹೆಚ್ಚುಕಮ್ಮಿ ಮಾಡಿದ ರೂಪಗಳು. ಚೆಡಿ ಇದ್ರೆ ಶೆಡಿ ಇದೆ. ಸ್ನಾನದ ಚಿತ್ರಗಳ ಭಾಗದಲ್ಲಿ ಒಂದು ಕಡೆ ಕೊಕೆಡಿ ಕೊಕೆಡಿ ದಾಲ್ ಕೊಕೆಡಿ ಕೊಕೆಡಿ ಅಂತ ಒಂದೇ ಸಾಲಲ್ಲಿ ಬರುತ್ತೆ. ಯಾವ ಭಾಷೆಯವರು ಹೀಗೆ ಮಾತಾಡ್ತಾರೆ ಹೇಳಿ! ಆದ್ರೆ ಅದೇ ಪುಸ್ತಕದಲ್ಲಿ ಪದಗಳನ್ನ ಎಷ್ಟು ಸಲ ಬರುತ್ತೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ್ರೆ, ನಿಜವಾದ ಭಾಷೆಗಳಲ್ಲಿ ಬರೋ ಜಿಫ್ ನಿಯಮದ (ಎರಡನೇ ಪದ ಮೊದಲನೇದರ ಅರ್ಧದಷ್ಟು ಸಲ, ಮೂರನೇದು ಮೂರರಲ್ಲಿ ಒಂದು ಪಾಲು, ಹೀಗೆ) ಗೆರೆ ಹತ್ರಹತ್ರ ಸಿಗುತ್ತೆ. ಒಂದು ಕಡೆಯಿಂದ ಭಾಷೆ ಅನ್ಸುತ್ತೆ, ಇನ್ನೊಂದು ಕಡೆಯಿಂದ ಅಲ್ಲ ಅನ್ಸುತ್ತೆ. ಇದೇ ಇದರ ರುಚಿ.

ಇಷ್ಟೇ ಅಲ್ಲ. 1970ರ ದಶಕದಲ್ಲಿ ಅಮೆರಿಕ ನೌಕಾಪಡೆಯ ಸೈಫರ್ ಪರಿಣತ ಪ್ರೆಸ್ಕಾಟ್ ಕರಿಯರ್, ಪುಟಗಳು ಎರಡು ಗುಂಪಾಗಿ ಒಡೀತವೆ ಅಂತ ತೋರಿಸಿದ್ರು, ಈಗ ಅದಕ್ಕೆ ಎ ಮತ್ತು ಬಿ ಅಂತ ಕರೀತಾರೆ. ಬಿ ಗುಂಪಲ್ಲಿ ಎಡಿ ಅಂತ ಮುಗಿಯೋ ಪದಗಳು ತುಂಬಿ ತುಳುಕ್ತಿವೆ, ಎ ಗುಂಪಲ್ಲಿ ಇಲ್ಲವೇ ಇಲ್ಲ ಅನ್ಬೋದು. ಕೈಬರಹವೂ ಬೇರೆ. 2020ರಲ್ಲಿ ಹಸ್ತಪ್ರತಿ ತಜ್ಞೆ ಲೀಸಾ ಫೇಗಿನ್ ಡೇವಿಸ್ ಅಕ್ಷರದ ತಿರುವು ನೋಡಿ ಬರೆದವರು ಐದು ಜನ ಅಂದ್ರು. ಐದು ಜನ ಸೇರಿ ಬರೀತಾರೆ ಅಂದ್ರೆ ಇದು ಯಾವನೋ ಒಬ್ಬನ ತಲೆಕೆಟ್ಟ ಕನವರಿಕೆ ಅಲ್ಲ, ಆ ಐದೂ ಜನಕ್ಕೆ ಹೇಳಿಕೊಟ್ಟ ಒಂದು ಪದ್ಧತಿ ಇರ್ಬೇಕು ಅನ್ನೋದು ನನ್ನ ಮಟ್ಟಿಗೆ ಇಡೀ ಸಂಶೋಧನೆಯಲ್ಲೇ ದೊಡ್ಡ ಸುಳಿವು.

ಪ್ರಶ್ನೆ: ಎಂಟ್ರೊಪಿ ಲೆಕ್ಕ ಹಾಕಿ ಇದು ಲ್ಯಾಟಿನ್ ಅಲ್ಲ ಅಂತ ಹೇಳ್ಬಿಟ್ಟಿದ್ದಾರಂತೆ. ಅಂಕಿಯಿಂದ ಭಾಷೆ ಹೊರಗಿಡೋಕಾಗುತ್ತಾ? (ನಿವೃತ್ತ ಗಣಿತ ಮೇಷ್ಟ್ರು, ಮೈಸೂರು)

ಮೇಷ್ಟ್ರೇ, ಸೂತ್ರ ನಿಮಗೆ ನಾನು ಹೇಳೋದೇನೂ ಇಲ್ಲ, ಉಳಿದವರಿಗೋಸ್ಕರ ಒಂದು ಮಾತು. ಒಂದು ಅಕ್ಷರ ನೋಡಿದ ಮೇಲೆ ಮುಂದಿನದು ಏನಿರ್ಬೋದು ಅಂತ ಊಹಿಸೋದು ಎಷ್ಟು ಕಷ್ಟ, ಅದನ್ನ ಬಿಟ್ ಲೆಕ್ಕದಲ್ಲಿ ಅಳೆಯೋದೇ ಇಲ್ಲಿ ಬೇಕಾಗಿರೋ ಎಂಟ್ರೊಪಿ. ಯೂರೋಪಿನ ಮಾಮೂಲಿ ಭಾಷೆಗಳಲ್ಲಿ ಅದು ಮೂರು ಬಿಟ್ ಚಿಲ್ಲರೆ ಬರುತ್ತೆ, ಅಂದ್ರೆ ಮುಂದಿನ ಅಕ್ಷರಕ್ಕೆ ಹತ್ತು ಆಯ್ಕೆ ಇದ್ದಷ್ಟು ಕಷ್ಟ. ವಾಯ್ನಿಚ್‌ನಲ್ಲಿ ಎರಡು ಬಿಟ್ ಆಸುಪಾಸು, ಅಂದ್ರೆ ನಾಲ್ಕೇ ಆಯ್ಕೆ. 1976ರಲ್ಲಿ ಯೇಲ್‌ನ ಭೌತಶಾಸ್ತ್ರದ ಪ್ರೊಫೆಸರ್ ವಿಲಿಯಂ ಬೆನೆಟ್ ಈ ಲೆಕ್ಕ ಹಾಕಿ ಇದಕ್ಕೆ ಹತ್ರ ಬರೋದು ಹವಾಯಿಯನ್ ತರದ, ಅಕ್ಷರ ಕಮ್ಮಿ ಇರೋ ಭಾಷೆಗಳು ಅಂದ್ರು.

ಈಗ ಇದರ ಏಟು ಎಲ್ಲಿ ಬೀಳುತ್ತೆ ನೋಡಿ. ಒಂದು ಅಕ್ಷರಕ್ಕೆ ಒಂದು ಗುರುತು ಅಂತ ಸುಮ್ಮನೆ ಬದಲಾಯಿಸಿದ್ರೆ ಎಂಟ್ರೊಪಿ ಬದಲಾಗಲ್ಲ, ವೇಷ ಅಷ್ಟೇ ಬದಲಾಗೋದು. ಲ್ಯಾಟಿನ್‌ಗೆ ವೇಷ ಹಾಕಿದ್ರೆ ಲೆಕ್ಕದಲ್ಲಿ ಲ್ಯಾಟಿನ್ ಆಗಿಯೇ ಬರ್ಬೇಕು. ಬರ್ತಿಲ್ಲ. ಹಾಗಾಗಿ ಈ ಗುರುತು ಅಂದ್ರೆ ಎ, ಆ ಗುರುತು ಅಂದ್ರೆ ಬಿ ಅಂತ ಪಟ್ಟಿ ಹಿಡ್ಕೊಂಡು ಲ್ಯಾಟಿನ್ ಇಟಾಲಿಯನ್ ಜರ್ಮನ್ ಅಂತ ಓದ್ತೀನಿ ಅನ್ನೋರೆಲ್ಲ ಶುರುವಲ್ಲೇ ಔಟ್. ಇನ್ನೊಂದು ತುದಿಗೆ ಹೋಗಿ, ಒಂದೇ ಅಕ್ಷರಕ್ಕೆ ಜಾಗ ನೋಡ್ಕೊಂಡು ಬೇರೆ ಬೇರೆ ಗುರುತು ಹಾಕೋ ಬುದ್ಧಿವಂತ ಸೈಫರ್ ಅಂದ್ರೆ, ಅದರಲ್ಲಿ ಎಲ್ಲಾ ಕಲಸುಮೇಲೋಗರ ಆಗಿ ಊಹಿಸೋದು ಇನ್ನೂ ಕಷ್ಟ ಆಗ್ಬೇಕು, ಇಲ್ಲಿ ಉಲ್ಟಾ ಸುಲಭ ಆಗಿದೆ. ಊಹೆ ಸುಲಭ ಆಗೋದು ಒಂದು ಅಕ್ಷರಕ್ಕೆ ಎರಡು ಮೂರು ಗುರುತಿನ ಗೊಂಚಲು ಬರೆದ್ರೆ. 2025ರಲ್ಲಿ ಮೈಕಲ್ ಗ್ರೆಶ್ಕೊ ಅನ್ನೋ ವಿಜ್ಞಾನ ಪತ್ರಕರ್ತ ಕ್ರಿಪ್ಟಾಲಜಿಯಾ ಪತ್ರಿಕೆಯಲ್ಲಿ ನೈಬ್ಬೆ ಅಂತ ಒಂದು ಸೈಫರ್ ಪ್ರಕಟಿಸಿದ್ರು, ದಾಳ ಉರುಳಿಸಿ ಲ್ಯಾಟಿನ್ ಅಥವಾ ಇಟಾಲಿಯನ್ ಬರಹವನ್ನ ಒಂದೆರಡು ಅಕ್ಷರದ ತುಂಡು ಮಾಡೋದು, ಇಸ್ಪೀಟೆಲೆ ಎತ್ತಿ ಯಾವ ಪಟ್ಟಿಯಿಂದ ಪದ ಆರಿಸ್ಬೇಕು ಅಂತ ತೀರ್ಮಾನ ಮಾಡೋದು, ಕೊನೆಗೆ ಬರೋದು ನೋಡೋಕೆ ವಾಯ್ನಿಚ್ ತರಾನೇ ಇರುತ್ತೆ. ಅವರು ಇದೇ ಉತ್ತರ ಅಂತ ಹೇಳ್ಕೊಂಡಿಲ್ಲ, 15ನೇ ಶತಮಾನದ ಸಾಮಾನಿನಲ್ಲಿ ಕೈಯಲ್ಲೇ ಹೀಗೆ ಮಾಡೋಕೆ ಸಾಧ್ಯ ಅಂತ ತೋರಿಸಿದ್ದಾರೆ ಅಷ್ಟೇ. ಆ ಸಂಯಮ ನನಗೆ ಇಷ್ಟ ಆಯ್ತು.

ಒಂದು ಎಚ್ಚರಿಕೆ ಇದೆ. ಒಂದು ಅಕ್ಷರ ಅಂದ್ರೆ ಯಾವುದು ಅಂತ ಮೊದಲು ಒಪ್ಕೋಬೇಕು. ನಮ್ಮ ಕ್ಷ ಒಂದು ಅಕ್ಷರವೋ ಎರಡೋ? ಕಿ ಅನ್ನೋದು ಒಂದು ಆಕಾರ, ಒಳಗೆ ಎರಡು ಸದ್ದು. ವಾಯ್ನಿಚ್‌ನಲ್ಲೂ ಆ ಗೀಟಿನ ಸಾಲನ್ನ ಒಟ್ಟಿಗೆ ಒಂದು ಅಂತ ಎಣಿಸಿದ್ರೆ ಅಂಕಿ ಬದಲಾಗುತ್ತೆ. ಆದ್ರೂ ಯಾವ ತರ ಎಣಿಸಿದ್ರೂ ಮಾಮೂಲಿ ಯೂರೋಪಿನ ಭಾಷೆ ಪಕ್ಕಕ್ಕೆ ತಂದು ಕೂರಿಸೋದು ಸುಲಭ ಇಲ್ಲ.

ಪ್ರಶ್ನೆ: ಎಐ ಇಷ್ಟೆಲ್ಲಾ ಮಾಡ್ತಿದೆ, ಇದನ್ನ ಯಾಕೆ ಓದ್ತಿಲ್ಲ? 2018ರಲ್ಲಿ ಹೀಬ್ರೂ ಅಂತ ಕಂಡುಹಿಡಿದ್ರು ಅಂತ ನ್ಯೂಸ್ ಬಂದಿತ್ತಲ್ಲಾ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಬಂದಿತ್ತು. ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯ ಬ್ರಾಡ್ಲಿ ಹಾವರ್ ಮತ್ತು ಗ್ರೆಗ್ ಕೊಂಡ್ರಾಕ್ ಮಾಡಿದ ಕೆಲಸ. ಮಾನವ ಹಕ್ಕುಗಳ ಘೋಷಣೆಯ 380 ಭಾಷೆಯ ಅನುವಾದ ಇಟ್ಕೊಂಡು, ಸೈಫರ್ ಮಾಡಿದ ಬರಹದ ಮೂಲ ಭಾಷೆ ಗುರುತಿಸೋ ಪ್ರೋಗ್ರಾಂ ಬರೆದ್ರು, ಅದು 97% ಸರಿ ಹೇಳ್ತಿತ್ತು, ಚೆನ್ನಾಗಿರೋ ಕೆಲಸವೇ. ವಾಯ್ನಿಚ್ ಕೊಟ್ಟಾಗ ಹೀಬ್ರೂ ಅಂತು. ಆದ್ರೆ ಓದೋ ಹಂತಕ್ಕೆ ಬಂದಾಗ ಪದದ ಅಕ್ಷರಗಳು ಹಿಂದುಮುಂದಾಗಿವೆ, ಸ್ವರಗಳನ್ನ ಬಿಟ್ಟಿದ್ದಾರೆ ಅಂತ ಇಟ್ಕೊಂಡ್ರು, ಆಮೇಲೆ ಸ್ಪೆಲ್ಲಿಂಗ್ ಸ್ವಲ್ಪ ತಿದ್ದಿ ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿದ್ರು, ಅವಳು ಪೂಜಾರಿಗೆ, ಮನೆ ಯಜಮಾನನಿಗೆ, ನನಗೆ, ಜನರಿಗೆ ಶಿಫಾರಸು ಮಾಡಿದಳು ಅನ್ನೋ ಅರ್ಥದ ಒಂದು ವಾಕ್ಯ ಬಂತು. ಗಿಡದ ಚಿತ್ರಗಳಿಂದ ಶುರುವಾಗೋ ಪುಸ್ತಕದ ಮೊದಲ ವಾಕ್ಯ ಅದು!

ಈ ಸಡಿಲ ಎಷ್ಟು ಅಪಾಯ ಅಂತ ಕನ್ನಡದಲ್ಲೇ ನೋಡಿ. ಕ, ಮ, ಲ ಮೂರು ವ್ಯಂಜನ ಕೊಡ್ತೀನಿ, ಕ್ರಮ ನಿಮ್ಮಿಷ್ಟ, ಸ್ವರ ನಿಮ್ಮಿಷ್ಟ. ಕಮಲ ಆಗುತ್ತೆ, ಕೋಮಲ ಆಗುತ್ತೆ, ಮಾಲೀಕ, ಮೂಲಿಕೆ, ಲಕುಮಿ ಎಲ್ಲಾ ಆಗುತ್ತೆ. ಹತ್ತು ಪದದ ಸಾಲಲ್ಲಿ ಒಂದೊಂದಕ್ಕೆ ಐದೈದು ಆಯ್ಕೆ ಇದ್ರೆ ಸುಮಾರು ತೊಂಬತ್ತೆಂಟು ಲಕ್ಷ ವಾಕ್ಯ, ಅದರಲ್ಲಿ ಒಂದಾದ್ರೂ ಅರ್ಥ ಇರೋ ತರ ಕಾಣದೇ ಇರುತ್ತಾ? ಮಾಲೀಕ ಮೂಲಿಕೆ ತಂದ ಅಂತ ಬಂದ್ರೆ ಗಿಡದ ಚಿತ್ರ ಇದೆ ನೋಡಿ ಮ್ಯಾಚ್ ಆಯ್ತು ಅಂತ ಕುಣಿದಾಡ್ತೀವಿ.

ಈಗಿನ ಎಐಗೂ ಕಷ್ಟ ಅದೇ. ಅದು ಚೆನ್ನಾಗಿ ಕೆಲಸ ಮಾಡೋದು ಪಕ್ಕದಲ್ಲಿಟ್ಟು ಹೋಲಿಸೋಕೆ ಇನ್ನೊಂದು ಬರಹ ಇದ್ದಾಗ, ಇಲ್ಲಾ ಮೂಲ ಭಾಷೆಯಾದ್ರೂ ಗೊತ್ತಿದ್ದಾಗ. ಇಲ್ಲಿ ಜೋಡಿ ಬರಹ ಇಲ್ಲ, ಮೂಲ ಭಾಷೆ ಗೊತ್ತಿಲ್ಲ, ಬರೆದ ಪದ್ಧತಿ ಗೊತ್ತಿಲ್ಲ. ಚಾಟ್‌ಬಾಟ್‌ಗೆ ಕೇಳಿ ನೋಡಿ, ಧೈರ್ಯವಾಗಿ ಒಂದು ಅನುವಾದ ಬರೆದುಕೊಡ್ಬೋದು, ಇನ್ನೊಂದು ಸಲ ಕೇಳಿದ್ರೆ ಬೇರೆ ಬರೆದುಕೊಡ್ಬೋದು.

ಹಾಗಂತ ಕಂಪ್ಯೂಟರ್ ದಂಡ ಅಲ್ಲ. ಜರ್ಮನಿಯ ಕೊಪಿಯಾಲೆ ಅನ್ನೋ 105 ಪುಟದ, 18ನೇ ಶತಮಾನದ ಕೈಬರಹ, ಸುಮಾರು 75,000 ಗುರುತು, ಅದನ್ನ 2011ರಲ್ಲಿ ಕೆವಿನ್ ನೈಟ್, ಬೆಯಾಟಾ ಮೆಗ್ಯೇಶಿ, ಕ್ರಿಸ್ಟಿಯಾನೆ ಶೇಫರ್ ಸೇರಿ ಒಡೆದ್ರು. ಅದರಲ್ಲಿ ರೋಮನ್ ಅಕ್ಷರವೂ ಇದ್ವು, ವಿಚಿತ್ರ ಗುರುತೂ ಇದ್ವು. ಮೊದಲು ರೋಮನ್ ಅಕ್ಷರದಲ್ಲೇ ವಿಷಯ ಇದೆ ಅಂತ ಹುಡುಕಿದ್ರು, ಏನೂ ಸಿಗ್ಲಿಲ್ಲ, ಆಮೇಲೆ ನೋಡಿದ್ರೆ ಅವೆಲ್ಲ ಪದಗಳ ಮಧ್ಯದ ಖಾಲಿ ಜಾಗದ ಬದಲು ಕಣ್ಣಿಗೆ ಮಣ್ಣೆರಚೋಕೆ ಹಾಕಿದ್ದು, ಅಸಲಿ ಮಾತು ಗುರುತುಗಳಲ್ಲಿತ್ತು. ಜರ್ಮನ್ ಭಾಷೆಯಲ್ಲಿ ಒಂದು ಗುಪ್ತ ಸಂಘದ ದೀಕ್ಷಾ ವಿಧಿ! ಕೀಲಿ ಸಿಕ್ಕ ಮೇಲೆ ಪುಟದ ಮೇಲೆ ಪುಟ ಓದ್ತಾ ಹೋದ್ರು, ಯಾರು ಬೇಕಾದ್ರೂ ಅದೇ ಕೀಲಿ ಹಿಡಿದು ಓದ್ಬೋದು. ಒಡೆದಿದ್ದೀವಿ ಅಂತ ಹೇಳೋರನ್ನ ಅಳೆಯೋ ಕೋಲು ಇದೇ.

ಪ್ರಶ್ನೆ: ಕೆಲವು ಅಕ್ಷರ ಹಳಗನ್ನಡ ಲಿಪಿ ತರ ಕಾಣ್ಸುತ್ತೆ. ನಮ್ಮ ಕಡೆಯಿಂದ ಹೋದ ವ್ಯಾಪಾರಿಗಳು ಬರೆದಿರ್ಬೋದಲ್ವಾ? (ಓದುಗರು, ಉಡುಪಿ)

ಆಸೆ ಅರ್ಥ ಆಗುತ್ತೆ, ಆದ್ರೆ ಇಲ್ಲ. ಅಕ್ಷರಗಳಲ್ಲಿ ಒಂಬತ್ತರ ತರದ್ದು, ನಾಲ್ಕರ ತರದ್ದು ಇರೋದು ಆ ಕಾಲದ ಲ್ಯಾಟಿನ್ ಬರಹಗಾರರು ಬಳಸ್ತಿದ್ದ ಅಂಕಿ, ಸಂಕ್ಷೇಪ ಗುರುತುಗಳ ಹತ್ರದ್ದು. ಚಿತ್ರದಲ್ಲಿರೋ ಕೋಟೆಯ ಗೋಡೆ ತಲೆ ಪಾರಿವಾಳದ ಬಾಲದ ತರ ಸೀಳಿರೋದು ಉತ್ತರ ಇಟಲಿಯ ಕಡೆ ಕಾಣ್ಸೋ ಪದ್ಧತಿ. ಬಟ್ಟೆ, ಟೋಪಿ, ರಾಶಿಚಿತ್ರದ ಪಕ್ಕ ಆಮೇಲೆ ಯಾರೋ ಬರೆದ ತಿಂಗಳ ಹೆಸರು, ಎಲ್ಲಾ ಯೂರೋಪು.

ಕನ್ನಡ ಹುಡುಕೋ ಆಸೆಗೆ ನಿಜವಾದ ಜಾಗ ಬೇಕಂದ್ರೆ ಈಜಿಪ್ಟಿಗೆ ಹೋಗಿ. ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ 413ನೇ ಪಪೈರಸ್, ಸುಮಾರು ಕ್ರಿಸ್ತಶಕ 2ನೇ ಶತಮಾನದ್ದು, ಅದರಲ್ಲಿ ಒಂದು ಗ್ರೀಕ್ ಪ್ರಹಸನ ಇದೆ, ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖರಿಷನ್ ಅನ್ನೋ ಹುಡುಗಿಯ ಕಥೆ, ಅಲ್ಲಿನ ರಾಜ ಮತ್ತು ಅವನ ಕಡೆಯವರು ಗ್ರೀಕ್ ಅಲ್ಲದ ಏನೋ ಮಾತಾಡ್ತಾರೆ. ಅದು ಕನ್ನಡ ಅಂತ 1904ರಲ್ಲಿ ಜರ್ಮನಿಯ ಶಾಸನ ತಜ್ಞ ಹುಲ್ಟ್ಶ್ ಬರೆದ್ರು, ಆಮೇಲೆ ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನ ಮುಂದುವರಿಸಿದ್ರು. ಬೆರೆ ಕೊಂಜೆಯ್ ದಾಮುನ್ ಪೆತ್ರೆಕಿಯೊ ಅಂತಿರೋದನ್ನ ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ ಅಂತ ಓದ್ತಾರೆ. ಓದಿದ ತಕ್ಷಣ ಮೈ ಜುಮ್ ಅನ್ನುತ್ತೆ, ನನಗೂ ಅನ್ನುತ್ತೆ! ಆದ್ರೆ ದಾಮುನ್ ಅನ್ನೋದು ಮಧು ಆಗ್ಬೇಕಾದ್ರೆ ಅಕ್ಷರ ಅದಲುಬದಲು ಆಗ್ಬೇಕು, ಸುಮಾರು ಎರಡು ಸಾವಿರ ವರ್ಷದ ಹಿಂದಿನ ಕನ್ನಡ ಇವತ್ತಿನ ಕನ್ನಡಕ್ಕೆ ಅಷ್ಟು ಹತ್ರ ಇರ್ಬೇಕು. ಎಲ್ಲಾ ವಿದ್ವಾಂಸರೂ ಒಪ್ಪಿಲ್ಲ. ಪ್ರಹಸನ ನಡೆಯೋದೇ ಭಾರತದಲ್ಲಿ, ಹಾಗಾಗಿ ಅಲ್ಲಿ ಕೇಳೋದಕ್ಕೆ ಹಕ್ಕಿದೆ. ವಾಯ್ನಿಚ್‌ನಲ್ಲಿ ಆ ದಾರವೇ ಇಲ್ಲ.

ಪ್ರಶ್ನೆ: ನಮ್ಮ ಸಿರಿಭೂವಲಯವೂ ಇದೇ ತರ ಅಲ್ವಾ? (ಹಾಸನ)

ತರವೇ ಬೇರೆ. ಅಲ್ಲಿ 27ರಿಂದ 27ರ ಚೌಕದಲ್ಲಿ 1ರಿಂದ 64ರವರೆಗಿನ ಅಂಕಿ, ಒಂದೊಂದು ಅಂಕಿಗೆ ಒಂದೊಂದು ಧ್ವನಿ ಅಂತ ಕೀಲಿ ಕೈಯಲ್ಲಿದೆ, ಓದಿದ್ರೆ ಕನ್ನಡ ಪದ್ಯ ಬರುತ್ತೆ. ಜಗಳ ಇರೋದು ಅದು ಎಷ್ಟು ಹಳೇದು, ಒಳಗೆ ಅಡಗಿದೆ ಅಂತ ಹೇಳೋ 718 ಭಾಷೆಯ ಮಾತು ಎಷ್ಟು ನಿಜ ಅನ್ನೋದರಲ್ಲಿ. ಅದಕ್ಕೆ ಬೇರೆ ಸಂಚಿಕೆಯೇ ಬೇಕು.

ಪ್ರಶ್ನೆ: ಇದೆಲ್ಲಾ ಬೊಗಳೆ ಸರ್, ಯಾವನೋ ರಾಜನಿಗೆ ಟೋಪಿ ಹಾಕೋಕೆ ಗೀಚಿದ್ದು. ಒಪ್ಕೊಂಡ್ಬಿಡಿ. (ಶಿವಮೊಗ್ಗ)

ಒಪ್ಕೊಳ್ಳೋಕೆ ನನಗೇನೂ ಅಡ್ಡಿ ಇಲ್ಲ, ಇದನ್ನ ಹೇಳೋರಲ್ಲಿ ಗಟ್ಟಿಗರು ಇದ್ದಾರೆ. 2004ರಲ್ಲಿ ಗಾರ್ಡನ್ ರಗ್, ಪದದ ತಲೆ ಮಧ್ಯ ಬಾಲ ಬರೆದ ಒಂದು ಪಟ್ಟಿ, ಮೇಲೆ ಮೂರು ತೂತಿನ ರಟ್ಟು ಇಟ್ಟು ಸರಿಸ್ತಾ ಹೋದ್ರೆ ಇಂಥ ಪದ ಬೇಕಾದಷ್ಟು ಹುಟ್ಟಿಸ್ಬೋದು ಅಂತ ತೋರಿಸಿದ್ರು. ಟಾರ್ಸ್ಟನ್ ಟಿಮ್ ಅದಕ್ಕಿಂತ ಸರಳವಾಗಿ ಹೇಳಿದ್ರು, ಬರೆಯೋನು ಮೇಲಿನ ಸಾಲಲ್ಲಿ ತಾನೇ ಬರೆದ ಪದ ನೋಡಿ ಒಂಚೂರು ತಿದ್ದಿ ಮತ್ತೆ ಬರೀತಿದ್ದ ಅಂತ. ಮೇಲೆ ಅಣ್ಣತಮ್ಮಂದಿರು ಅಂದ್ನಲ್ಲ, ಅವು ಅಕ್ಕಪಕ್ಕದ ಸಾಲಲ್ಲೇ ಜಾಸ್ತಿ ಸಿಗ್ತವೆ, ಅದಕ್ಕೆ ಇದು ಚೆನ್ನಾಗಿ ಹೊಂದುತ್ತೆ. 2022ರಲ್ಲಿ ಡೇನಿಯಲ್ ಗ್ಯಾಸ್ಕೆಲ್ ಮತ್ತು ಯೇಲ್‌ನ ಕ್ಲೇರ್ ಬೋವರ್ನ್ ಇನ್ನೂ ಮಜಾ ಮಾಡಿದ್ರು, ಜನರನ್ನ ಕೂರಿಸಿ ಅರ್ಥ ಇಲ್ಲದ್ದು ಬರೀರಿ ಅಂದ್ರು, ಎಣಿಸಿ ನೋಡಿದ್ರೆ ಎಷ್ಟೋ ಲೆಕ್ಕದಲ್ಲಿ ಅದು ವಾಯ್ನಿಚ್ ತರಾನೇ ಇತ್ತು. ಅರ್ಥ ಇಲ್ಲದೆ ಬರೆಯೋದು ಅಂದ್ರೆ ಮನುಷ್ಯ ಯದ್ವಾತದ್ವಾ ಬರೆಯಲ್ಲ, ಹೇಳಿದ್ದನ್ನೇ ಹೇಳ್ತಾನೆ.

ಆ ಕಡೆಯ ವಾದವೂ ಇದೆ. 2013ರಲ್ಲಿ ಮಾಂಟೆಮುರ್ರೊ ಮತ್ತು ಜಾನೆಟ್, ಕೆಲವು ಪದ ಕೆಲವು ಭಾಗದಲ್ಲೇ ಗುಂಪುಗೂಡುತ್ತೆ, ಚಿತ್ರ ಬದಲಾದ್ರೆ ಪದವೂ ಬದಲಾಗುತ್ತೆ ಅಂತ ಲೆಕ್ಕ ಕೊಟ್ರು, ವಿಷಯ ಇರೋ ಪುಸ್ತಕದಲ್ಲಿ ಹಾಗೇ ಆಗೋದು. ನೋಡಿ ಬರೆದ್ರೂ ಹಾಗೇ ಗುಂಪಾಗುತ್ತೆ ಅಂತ ಟಿಮ್ ಕಡೆಯವರು. ನನ್ನ ತೂಕ? ಚಕ್ರವರ್ತಿಗೆ ಟೋಪಿ ಅನ್ನೋದಂತೂ ನಡೆಯಲ್ಲ, ರುಡಾಲ್ಫ್ ಹುಟ್ಟಿದ್ದೇ 1552ರಲ್ಲಿ, ಚರ್ಮ ಅದಕ್ಕಿಂತ ನೂರು ವರ್ಷಕ್ಕೂ ಹಳೇದು. ಬೇರೆ ಯಾರಿಗೋ ಹಾಕಿದ ಟೋಪಿ ಇರ್ಬೋದು, ಆದ್ರೆ 240 ಪುಟ, ಐದು ಕೈ, ಅಷ್ಟೊಂದು ಕರುವಿನ ಚರ್ಮದ ಖರ್ಚು! ಇಪ್ಪತ್ತು ಪುಟದಲ್ಲೇ ಮೋಸ ಮುಗಿಸ್ಬೋದಿತ್ತಲ್ಲಾ. ಇವತ್ತಿಗೆ ನನ್ನ ಓಟು ಅರ್ಥ ಇದೆ ಅನ್ನೋ ಕಡೆಗೆ, ಆದ್ರೆ ಬೆಟ್ ಕಟ್ಟೋಕೆ ಬರಲ್ಲ.

ಪ್ರಶ್ನೆ: ನಾನೂ ಟ್ರೈ ಮಾಡ್ಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡ್ಲಿ? (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಮಾಡಪ್ಪ, ಖಂಡಿತ ಮಾಡು. ಮೊದಲು ಇಬ್ಬರ ಕಥೆ ಕೇಳ್ಕೋ. ಪೆನ್ಸಿಲ್ವೇನಿಯಾದ ಪ್ರೊಫೆಸರ್ ವಿಲಿಯಂ ನ್ಯೂಬೋಲ್ಡ್ 1921ರಲ್ಲಿ ಒಡೆದುಬಿಟ್ಟೆ ಅಂತ ಸಾರಿದ್ರು. ಪ್ರತಿ ಅಕ್ಷರದೊಳಗೆ ಭೂತಗನ್ನಡಿಯಲ್ಲಿ ಮಾತ್ರ ಕಾಣೋ ಸಣ್ಣ ಸಣ್ಣ ಗೆರೆಗಳಿವೆ, ಅವು ಶೀಘ್ರಲಿಪಿ, ಬರೆದವನು 13ನೇ ಶತಮಾನದ ಇಂಗ್ಲೆಂಡಿನ ಪಂಡಿತ ರೋಜರ್ ಬೇಕನ್, ಅವನು ಟೆಲಿಸ್ಕೋಪ್ ಮಾಡಿ ಆಂಡ್ರೊಮೀಡಾ ಗ್ಯಾಲಕ್ಸಿ ನೋಡಿದ್ದ ಅಂತೆಲ್ಲಾ. ಪ್ರಪಂಚ ನಂಬ್ತು. 1931ರಲ್ಲಿ ಜಾನ್ ಮ್ಯಾನ್ಲಿ ಬರೆದ್ರು, ಆ ಗೆರೆಗಳು ಒರಟು ಚರ್ಮದ ಮೇಲೆ ಇಂಕು ಒಣಗಿ ಬಿರಿದ ಬಿರುಕು ಅಂತ, ಮೇಲಿಂದ ಕೊನೇ ಹಂತದಲ್ಲಿ ಅಕ್ಷರ ಹಿಂದುಮುಂದು ಮಾಡ್ಕೊಂಡಿದ್ರಿಂದ ಏನು ಬೇಕಾದ್ರೂ ಬರುತ್ತೆ ಅಂತ. ಇನ್ನೊಬ್ಬರು ವಿಲಿಯಂ ಫ್ರೀಡ್‌ಮನ್, ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೈಫರ್ ಒಡೆದ ತಂಡದ ಮುಖ್ಯಸ್ಥ. 1944ರಲ್ಲಿ ಆಫೀಸಿನವರನ್ನೇ ಸೇರಿಸಿ ಗುಂಪು ಕಟ್ಟಿ ಎಣಿಸಿದ್ರು, ಆಮೇಲೂ ಬಿಡ್ಲಿಲ್ಲ. ಇದು ಹೊಸದಾಗಿ ಕಟ್ಟಿದ ಕೃತಕ ಭಾಷೆ ಅಂತ ಅವರ ಊಹೆ, ಅದನ್ನೂ ನೇರವಾಗಿ ಹೇಳದೆ 1959ರಲ್ಲಿ ಅಕ್ಷರ ಕಲಸಿದ ಒಂದು ವಾಕ್ಯವಾಗಿ ಅಚ್ಚು ಮಾಡಿಸಿದ್ರು. ಅಷ್ಟು ದೊಡ್ಡ ಮನುಷ್ಯನೇ ಓದಿದ್ದೀನಿ ಅನ್ಲಿಲ್ಲ ನೋಡು.

ಈಗ ಕೆಲಸಕ್ಕೆ ಬಾ. ಬೈನಿಕೆ ಲೈಬ್ರರಿ ಎಲ್ಲಾ ಪುಟದ ಒಳ್ಳೇ ಫೋಟೋ ಫ್ರೀಯಾಗಿ ಹಾಕಿದೆ. ಇವಿಎನಲ್ಲಿ ಟೈಪ್ ಮಾಡಿದ ಪೂರ್ತಿ ಪಠ್ಯವೂ ಫೈಲ್ ರೂಪದಲ್ಲಿ ಸಿಗುತ್ತೆ, ರೆನೆ ಜಾಂಡ್‌ಬರ್ಗನ್ ಅವರದ್ದು ಹುಡುಕು. ಅರ್ಥ ಹುಡುಕೋಕೆ ಹೋಗ್ಬೇಡ, ಆರು ತಿಂಗಳು ಆ ಕಡೆ ತಲೆನೇ ಹಾಕ್ಬೇಡ. ಪೈಥಾನ್ ಬಂದ್ರೆ ಸಾಕು, ಗಿಡದ ಪುಟಗಳನ್ನ ಎ ಮತ್ತು ಬಿ ಅಂತ ಬೇರೆ ಮಾಡಿ, ಪ್ರತಿ ಗುಂಪಲ್ಲಿ ಸಾಲಿನ ಮೊದಲ ಪದ, ಕೊನೇ ಪದ, ಮಧ್ಯದ ಪದ ಮೂರನ್ನೂ ಬೇರೆ ಬೇರೆ ಎಣಿಸು. ಮಾಮೂಲಿ ಪುಸ್ತಕದಲ್ಲಿ ಸಾಲು ಎಲ್ಲಿ ಮುರಿಯುತ್ತೆ ಅನ್ನೋದು ಹಾಳೆ ಅಗಲದ ಮೇಲೆ ಹೋಗುತ್ತೆ, ಅದಕ್ಕೂ ಪದಕ್ಕೂ ಸಂಬಂಧ ಇರಲ್ಲ, ಇಲ್ಲಿ ಇದೆ. ಕರಿಯರ್ ಇದನ್ನ ಆಗಲೇ ಕಂಡು ತಲೆ ಕೆಡಿಸ್ಕೊಂಡಿದ್ರು, ಒಡೆದೆ ಅಂತ ಬರೋ ಹತ್ತಕ್ಕೆ ಒಂಬತ್ತು ಜನ ಈ ಪ್ರಶ್ನೆಯ ಪಕ್ಕಕ್ಕೂ ಬರಲ್ಲ.

ಯಾವತ್ತಾದ್ರೂ ಒಂದು ಕೀಲಿ ಸಿಕ್ತು ಅನ್ನಿಸಿದ್ರೆ, ಆ ಕೀಲಿಯನ್ನ ಬರೆದು ಸೀಲ್ ಮಾಡಿ ನಿನ್ನ ರೂಮ್‌ಮೇಟ್‌ಗೆ ಕೊಟ್ಟು, ನೀನು ನೋಡಿರದ ಒಂದು ಪುಟ ಅವನಿಂದ ಓದಿಸು, ನೀನು ಪಕ್ಕದಲ್ಲಿ ಕೂತು ಸುಳಿವು ಕೊಡ್ಬಾರ್ದು. ಅವಸರ ಮಾಡಿದ್ರೆ ಏನಾಗುತ್ತೆ ನೋಡು, 2019ರಲ್ಲಿ ಒಬ್ಬರು ಇದು ಮೂಲ ರೊಮಾನ್ಸ್ ಭಾಷೆ (ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್‌ಗಳ ತಾಯಿ ಭಾಷೆ) ಅಂತ ಪೇಪರ್ ಪ್ರಕಟಿಸಿದಾಗ ಬ್ರಿಸ್ಟಲ್ ಯೂನಿವರ್ಸಿಟಿ ಮೊದಲು ಸುದ್ದಿ ಹಾಕಿ, ತಜ್ಞರು ಎಗರಾಡಿದ ಮೇಲೆ ತನ್ನ ಸೈಟಿನಿಂದ ತೆಗೆದುಹಾಕಿತ್ತು. ಸಾಲಿನ ಎಣಿಕೆ ಮುಗಿದ ಮೇಲೆ ಎಕ್ಸೆಲ್ ಫೈಲ್ ಈ ಪುಟದ ವಿಳಾಸಕ್ಕೆ ಕಳಿಸು, ಮೈಸೂರಿನ ಮೇಷ್ಟ್ರಿಗೆ ತೋರಿಸ್ತೀನಿ.